ದಾವಲಬಿ ಖಾಲಿ ಬಿಟ್ಟ ಪದ

ಖೋಲಿ ನಂಬರ್ ಹದಿನೈದು,
ಬೊರಿವಲಿ ಪೂರ್ವ, ಮುಂಬಯಿ.
ರವಿವಾರ, 23 ಜೂನ್ 2024

ಖೋಲಿ ನಂಬರ್ ಹದಿನಾಲ್ಕರ ಒಡತಿ, ನನ್ನ ವರ್ಗದ ಮೊದಲನೇ ನಂಬರಿನ ವಿದ್ಯಾರ್ಥಿನಿ, ಗೆಳತಿ ದಾವಲಬಿಗೆ,

ಹದಿನೈದನೇ ಖೋಲಿಯ ಕಸ್ತೂರಿಬಾಯಿಯ ನಮಸ್ಕಾರ, ಸಲಾಮು, ಎರಡೂ. ನಿನಗೆ ಯಾವುದು ಒಗ್ಗುತ್ತದೋ ಅದನ್ನಿಟ್ಟುಕೊಂಡು ಉಳಿದದ್ದನ್ನು ಮಗಳು ಸಮೀನಾಳಿಗೆ ಕೊಡು. ಇಲ್ಲಿ ನಾನೂ, ನನ್ನ ಬಲಗಾಲಿನ ಮೊಣಕಾಲೂ, ನೀನು ಕಿಟಕಿಯಲ್ಲಿ ಬಿಟ್ಟುಹೋದ ಪುದೀನಾ ಡಬ್ಬಿಯೂ ಇದ್ದೇವೆ. ಮೂವರಲ್ಲಿ ಪುದೀನಾ ಒಂದೇ ಚೆನ್ನಾಗಿದೆ. ಅಲ್ಲಿ ಇಂಡಿ ಊರಿನಲ್ಲಿ, ಮಗಳ ಮನೆಯಲ್ಲಿ, ನೀವೆಲ್ಲ ಹೇಗಿದ್ದೀರಿ? ಮೊಮ್ಮಗ ಮುಜಾಹಿದನಿಗೆ ಹಲ್ಲು ಬಂದವೇ? ಬಂದಿದ್ದರೆ ಮೊದಲು ಯಾರನ್ನು ಕಚ್ಚಿದ?

ಕಾಗದ ತಡವಾಯಿತು. ನೀನು ಹೋಗಿ ಇವತ್ತಿಗೆ ಮೂವತ್ತು ದಿನ. ತಡಕ್ಕೆ ಕಾರಣಗಳನ್ನು ಸರಕಾರಿ ಪದ್ಧತಿಯಲ್ಲಿ ಕೊಡಬಲ್ಲೆ: ಚುನಾವಣೆಯ ಕಾಗದಪತ್ರ ಒಪ್ಪಿಸುವುದಿತ್ತು; ಶಾಲೆ ಸುರುವಾಯಿತು; ನಲ್ಲಿಗೆ ನೀರು ಬರಲಿಲ್ಲ. ಮೂರೂ ನಿಜ. ಮೂರರಲ್ಲಿ ಒಂದೂ ಕಾರಣವಲ್ಲ. ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ‘ಗೆಳತಿ ದಾವಲಬಿಗೆ’ ಎಂಬಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತು. ಪೆನ್ನಿಗೂ ಮೊಣಕಾಲು ಇರುತ್ತದೆಂದು ಕಾಣುತ್ತದೆ.

ನೀನು ಊರಿಗೆ ಹೋದ ವಾರವೇ ನಾನು ಫೋನು ಮಾಡಿದಾಗ ಸಮೀನಾ ಎತ್ತಿದಳು. “ಅಮ್ಮಿ ಫೋನಿಗೆ ಬರೂದಿಲ್ಲಂತ್ರಿ ಮೌಶಿ. ಏನರ ಹೇಳೂದಿದ್ರ ಕಾಗದಾ ಬರೀರಿ ಅಂದಾಳ. ತಾನ ಓದತಾಳಂತ,” ಎಂದಳು. ಹಿಂದಿನಿಂದ ನಿನ್ನ ದನಿ ಕೇಳಿತು: “ದೊಡ್ಡ ಅಕ್ಷರ ಬರೀ ಅನ್ನು.” ಇಗೋ, ದೊಡ್ಡ ಅಕ್ಷರ. ಒತ್ತಕ್ಷರಗಳಿಗೆ ಕಾಲು ಚಾಚಲು ಜಾಗ ಬಿಟ್ಟಿದ್ದೇನೆ. ಇನ್ನೊಂದು ಮಾತು. ಗೊತ್ತಿದ್ದ ವಿಷಯವನ್ನು ಓದುವುದು ಸುಲಭವೆಂದು ವರ್ಗದಲ್ಲಿ ಹೇಳಿಕೊಟ್ಟಿದ್ದೆನಲ್ಲ? ಹಾಗಾಗಿ ಇದರಲ್ಲಿ ಬಹಳಷ್ಟು ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ. ಗೊತ್ತಿಲ್ಲದ್ದು ಕೊನೆಗಿದೆ. ಓದುವ ರೂಢಿಯಾದ ಮೇಲೆ ಅದನ್ನು ಓದು.

ಉದ್ದೇಶವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಲಕೋಟೆಯಲ್ಲಿ ನಮೂನೆ ಆರು ಇಟ್ಟಿದ್ದೇನೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಅದು. ನಿನ್ನ ಹೆಸರು, ಗಂಡನ ಜಾಗದಲ್ಲಿ ಇಮಾಮಸಾಬನ ಹೆಸರು, ಖೋಲಿಯ ನಂಬರು ಎಲ್ಲವನ್ನೂ ತುಂಬಿದ್ದೇನೆ. ಸಹಿಯ ಜಾಗ ಖಾಲಿ ಇದೆ. ವರ್ಷ ಮುಗಿಯುವುದರೊಳಗೆ ವಿಧಾನಸಭೆಯ ಚುನಾವಣೆ ಬರುತ್ತದಂತೆ. ಸಹಿ ಮಾಡಿ ಅಂಚೆಗೆ ಹಾಕು. ಇಲ್ಲದಿದ್ದರೆ ಕೈಯಲ್ಲೇ ಹಿಡಿದುಕೊಂಡು ಸೋಲಾಪುರದ ಮೇಲಿನ ಗಾಡಿಗೆ ನೀನೇ ಬಾ. ಎರಡನೆಯದಾದರೆ ಅಂಚೆಚೀಟಿಯ ಖರ್ಚೂ ಇಲ್ಲ.

ಇನ್ನು ಚಾಳಿನ ವರ್ತಮಾನ. ನಮ್ಮ ಗೋಡೆ ಮೂಕವಾಗಿದೆ. ಮೂವತ್ತೊಂದು ವರ್ಷ ರೀಚಾರ್ಜ್ ಇಲ್ಲದೆ ನಡೆದ ಟೆಲಿಫೋನು ಅದು. ಸಂಜೆ ನಾಲ್ಕಕ್ಕೆ ಆಚೆಯಿಂದ ಎರಡು ಬಡಿತ ಬಿದ್ದರೆ ‘ಚಹಾ ಆಗೇತಿ, ಬಾ’ ಎಂದರ್ಥ. ಈಚೆಯಿಂದ ಒಂದು ಬಡಿದರೆ ‘ಬಂದೆ’. ಹದಿನಾಲ್ಕು ಮತ್ತು ಹದಿನೈದರ ನಡುವೆ ಇರುವ ಇಟ್ಟಿಗೆ ಎಷ್ಟು ತೆಳುವೆಂದರೆ ಇಮಾಮಸಾಬ ಆಕಳಿಸಿದರೆ ನನಗೆ ನಿದ್ದೆ ಬರುತ್ತಿತ್ತು. ನಾಲ್ಕಕ್ಕೆ ಈಗಲೂ ನನ್ನ ಕೈ ತಾನೇ ಪಾತ್ರೆ ಬಿಡುತ್ತದೆ. ಆಮೇಲೆ ನೆನಪಾಗಿ ಮತ್ತೆ ತಿಕ್ಕುತ್ತದೆ.

ನಮ್ಮ ರವಿವಾರದ ಅಕ್ಷರ ಕಲಿಯುವ ವರ್ಗ ನಿಂತಿದೆ. ಗಣಪತಿ ಮಂಡಳದ ಶೆಡ್ಡಿನಲ್ಲಿ ಈಗ ಯಾರೋ ಸೈಕಲ್ ಇಟ್ಟಿದ್ದಾರೆ. ‘ಲೋಕಸಭಾ ಚುನಾವಣೆಯ ಪದಗಳು’ ಎಂದು ನಾನು ಹಲಗೆಯ ಮೇಲೆ ಬರೆದದ್ದು ಅರ್ಧ ಅಳಿಸಿ ‘ಸಭಾ’ ಮತ್ತು ‘ಗಳು’ ಉಳಿದಿವೆ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಇದನ್ನು ಸುರು ಮಾಡಿದಾಗ ಚಾಳಿನವರೆಲ್ಲ ನಕ್ಕಿದ್ದರು. ಪಾಲಿಕೆಯ ಕನ್ನಡ ಶಾಲೆಯಲ್ಲಿ ನನಗೆ ಉಳಿದಿದ್ದವರು ಒಂಬತ್ತು ಮಕ್ಕಳು. ಮಂಡಳದ ಶೆಡ್ಡಿನಲ್ಲಿ ಕೂತವರು ಹನ್ನೊಂದು ಜನ, ಎಲ್ಲರೂ ಐವತ್ತು ದಾಟಿದವರು. ಹೀಗೆ ನನ್ನ ಖಾಸಗಿ ಶಾಲೆ ಸರಕಾರಿ ಶಾಲೆಯನ್ನು ಎರಡು ತಲೆಗಳ ಬಹುಮತದಿಂದ ಸೋಲಿಸಿತು. ಬಹುಮತ ಎಂಬ ಪದವನ್ನು ನಾನು ಕಲಿಸಿದ್ದೇ ಈ ಲೆಕ್ಕದಿಂದ.

ಮೊದಲನೇ ದಿನ ನೆನಪಿದೆಯೇ? ‘ಮತ’ ಎಂದು ಬರೆದೆ. ಎದುರಿನ ಟವರಿನ ವಾಚಮನ್ ಬಂಡೆಪ್ಪ ಎದ್ದು ನಿಂತ.

“ಅಕ್ಕೋರ, ಓಟು ಅಂತ ಛಲೋ ಹೆಸರು ಐತೆಲ್ರಿ. ಅದಕ್ಯಾಕ ಇನ್ನೊಂದು?”

“ನಿನಗ ಬಂಡೆಪ್ಪ ಅಂತ ಹೆಸರಿಡದಿದ್ರ ಜನ ನಿನ್ನ ವಾಚಮನ್ ಅಂತ ಕರೀತಿದ್ರಪಾ,” ಎಂದೆ.

“ಈಗೂ ಹಂಗ ಕರೀತಾರ್ರಿ,” ಎಂದು ಕೂತುಬಿಟ್ಟ.

ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಮುಂದಿನ ವಾರ ‘ಅಭ್ಯರ್ಥಿ’. ನಮ್ಮ ಕಡೆಯ ಉಮೇದುವಾರನೇ ಪುಸ್ತಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಅಭ್ಯರ್ಥಿಯಾಗುತ್ತಾನೆ ಎಂದೆ. ಮುಕಾದಮನೆಂಬ ಮೇಸ್ತ್ರಿಯ ಕೈಕೆಳಗೆ ಕಟ್ಟಡದ ಕೆಲಸ ಮಾಡುವ ಭುವನೇಶ್ವರಿ ಕೇಳಿದಳು, “ಮುಕಾದಮನಂಗ ಏನ್ರಿ?” ನೀನು ಹಿಂದಿನಿಂದ ಉತ್ತರ ಕೊಟ್ಟೆ: “ಮುಕಾದಮ ದಿನಾ ಬೈಯಾಕರ ಬರ್ತಾನವಾ.” ‘ನೀತಿಸಂಹಿತೆ’ ಬಂದಾಗಲಂತೂ ಉದಾಹರಣೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಸಂಹಿತೆ ಜಾರಿಯಾದ ಮರುದಿನ ನಮ್ಮ ಗಟಾರದ ಕೆಲಸ ನಿಂತಿತು, ಅಗೆದ ಗುಂಡಿ ಹಾಗೇ ಉಳಿಯಿತು, ಬಂಡೆಪ್ಪ ಅದರೊಳಗೆ ಬಿದ್ದ. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ವರ್ಗಕ್ಕೆ ಬಂದು, “ಅಕ್ಕೋರ, ನೀತಿ ಭಾಳ ಆಳ ಐತ್ರಿ,” ಎಂದ.

ನಿನಗೆ ಹಿಡಿಸಿದ ಪದ ಒಂದೇ, ಹೋದ ವರ್ಷದ ಬೇಸಿಗೆಯಲ್ಲಿ, ಇಮಾಮಸಾಬ ಇನ್ನೂ ಇದ್ದಾಗ ಕಲಿಸಿದ್ದು. ‘ಗುಪ್ತ ಮತದಾನ’.

ನಾನು ರಟ್ಟಿನ ಡಬ್ಬಿ ಕತ್ತರಿಸಿ, ಮೂರು ಕಡೆ ಮರೆ ಮಾಡಿ ಮೇಜಿನ ಮೇಲಿಟ್ಟೆ. ಒಳಗೆ ಯಾರೂ ಇಣುಕುವಂತಿಲ್ಲ, ಗಂಡನೂ ಇಲ್ಲ, ಮಗನೂ ಇಲ್ಲ, ಪೊಲೀಸನೂ ಇಲ್ಲ, ಯಾರಿಗೆ ಹಾಕಿದಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ ಎಂದು ವಿವರಿಸಿದೆ. ಉಳಿದವರೆಲ್ಲ ಒಂದೊಂದು ಸಲ ಹೋಗಿ ಬಂದರು. ನೀನು ಹೋದವಳು ಬರಲೇ ಇಲ್ಲ. ರಟ್ಟಿನ ಮರೆಯಲ್ಲಿ ತಲೆ ಬಗ್ಗಿಸಿ ನಿಂತೇ ಇದ್ದೆ.

“ಏನ ಮಾಡಾಕತ್ತಿ ದಾವಲಬಿ? ಅಲ್ಲಿ ಮಷೀನ್ ಇಲ್ಲ, ಏನೂ ಇಲ್ಲ,” ಎಂದೆ.

“ನಿಂತೇನಿ,” ಎಂದೆ ನೀನು. “ಒಂದು ಖೋಲ್ಯಾಗ ಏಳು ಮಂದಿ ಇದ್ವಿ. ಕಡೀಕ ಇಬ್ರ ಉಳದ್ವಿ. ಈಗೂ ಇಮಾಮಸಾಬ ಹೊಲಿಗಿ ಮಷೀನ್ ಮ್ಯಾಲಿಂದ ನೋಡತಾನ. ಯಾರೂ ನೋಡಲಾರದ ಜಾಗಾ ನನಗ ಇಷ್ಟ ವರ್ಷದಾಗ ಸಿಕ್ಕಿದ್ದಿಲ್ಲವಾ. ತಡಿ ಇನ್ನೊಂದು ಗಳಿಗಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಹೋಯಿತು.

ಚಹಾ ಕುಡಿಯುವಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮೊದಲು ಹೆಸರು ಊರಲ್ಲಿತ್ತು. ಚುನಾವಣೆ ಬಂದರೆ ಊರ ಗೌಡರು ಟ್ರಕ್ಕು ಕಳಿಸುತ್ತಿದ್ದರು, ಬೊರಿವಲಿಯಿಂದ ಇಂಡಿಯವರೆಗೆ ನಿಂತೇ ಹೋಗುತ್ತಿದ್ದಿರಿ, ಟ್ರಕ್ಕಿನಲ್ಲೇ ಇಮಾಮಸಾಬ ನಿನ್ನ ಕಿವಿಯಲ್ಲಿ ಚಿಹ್ನೆ ಹೇಳುತ್ತಿದ್ದ. ಆಮೇಲೆ ಹೆಸರು ಮುಂಬಯಿಗೆ ಬಂತು. ಕಿವಿ ಅದೇ, ಬಾಯಿ ಅದೇ. “ಏಳು ಸಲಾ ಓಟು ಹಾಕೇನಿ ಕಸ್ತೂರಿ. ಒಂದೂ ನಂದಲ್ಲ,” ಎಂದೆ. “ಈ ಸಲಾ ಅಂವಗ ಹೇಳೂದಿಲ್ಲ. ನಿನಗೂ ಹೇಳೂದಿಲ್ಲ. ಒಂದ ಒಂದು ಗುಟ್ಟು ನನಗೂ ಇರಲಿ.”

ನಾನು ಹುಸಿಮುನಿಸು ತೋರಿಸಿದೆ. ಅಕ್ಷರ ಕಲಿಸಿದ ಟೀಚರಿಗೂ, ನಿನ್ನ ವರ್ಗದ ಬಾಯಿಗೂ ಹೇಳುವುದಿಲ್ಲವೇ ಎಂದೆ. “ನಿನಗಂತೂ ಮದಲ ಹೇಳೂದಿಲ್ಲ. ನೀ ಸರಕಾರದಾಕಿ,” ಎಂದೆ ನೀನು.

ಸರಕಾರದಾಕಿ! ಆ ಪದವಿಯ ಮಹಿಮೆಯನ್ನೂ ಓದುವ ಅಭ್ಯಾಸಕ್ಕೆಂದು ಬರೆಯುತ್ತೇನೆ. ಪಾಲಿಕೆಯ ಶಾಲೆಯ ಮಾಸ್ತರರಿಗೆ ಪಾಠ ಬಿಟ್ಟು ಉಳಿದ ಎಲ್ಲ ಕೆಲಸಗಳೂ ಬರುತ್ತವೆಂದು ಸರಕಾರದ ನಂಬಿಕೆ. ಅದರಲ್ಲೊಂದು ಮತಗಟ್ಟೆ ಅಧಿಕಾರಿಯ, ಅಂದರೆ ಬಿಎಲ್‌ಒ ಕೆಲಸ. ಒಂದು ಮತಗಟ್ಟೆಗೆ ಸೇರಿದ ಸಾವಿರದ ಚಿಲ್ಲರೆ ಹೆಸರುಗಳನ್ನು ಮನೆ ಮನೆಗೆ ಹೋಗಿ ತಾಳೆ ನೋಡಬೇಕು. ಇದ್ದವರ ಸಹಿ ತರಬೇಕು. ಬಾಗಿಲು ಹಾಕಿದ್ದರೆ ಮೂರು ಸಲ ಹೋಗಬೇಕು, ಮೂರು ತಾರೀಖು ಬರೆಯಬೇಕು. ಆಗಲೂ ಸಿಗದಿದ್ದರೆ ಹೆಸರಿನ ಮುಂದೆ ಮೂರರಲ್ಲಿ ಒಂದು ಪದ: ಗೈರು, ಸ್ಥಳಾಂತರ, ಮೃತ. ಈ ಉರಿಯಲ್ಲಿ ನಾಲ್ಕು ಮಾಳಿಗೆ ಮೂರು ಸಲ ಯಾರು ಹತ್ತುತ್ತಾರೆ? ಬಲ್ಲವರು ಒಂದೇ ಕಡೆ ಕೂತು ಮೂರು ತಾರೀಖನ್ನು ಮೂರು ಬೇರೆ ಬೇರೆ ಪೆನ್ನಿನಿಂದ ಬರೆಯುತ್ತಾರೆ. ಒಂದು ನೀಲಿ, ಒಂದು ಕರಿ, ಒಂದು ಸ್ವಲ್ಪ ಮಸಿ ತೀರಿದ್ದು. ಮೂರನೆಯದು ಇದ್ದರೆ ಸಾಹೇಬರಿಗೆ ನಂಬಿಕೆ ಹುಟ್ಟುತ್ತದೆ. ಟ್ರೈನಿಂಗಿನಲ್ಲಿ ಇದನ್ನು ಕಲಿಸುವುದಿಲ್ಲ. ಟ್ರೈನಿಂಗಿನ ಚಹಾದ ಹೊತ್ತಿನಲ್ಲಿ ಕಲಿಸುತ್ತಾರೆ.

ಆ ಟ್ರೈನಿಂಗು ಬಾಂದ್ರಾದಲ್ಲಿದ್ದ ದಿನವೇ, ಹೋದ ವರ್ಷ ಜೂನ್ ಕೊನೆಯಲ್ಲಿ, ಇಮಾಮಸಾಬ ಹೋದ. ನಲವತ್ತು ವರ್ಷ ಬೆಳಗಿನ ಲೋಕಲ್ ಹಿಡಿದು ಫೋರ್ಟಿಗೆ ಹೋಗಿ ವಕೀಲರಿಗೆ ಕರಿ ಕೋಟು ಹೊಲಿದ ಮನುಷ್ಯ, ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ. ಮಧ್ಯಾಹ್ನ ಮಣ್ಣಾಯಿತು. ನಾನು ಬರುವಾಗ ಸಂಜೆ. ಆಮೇಲೆ ನನ್ನ ಮೊಣಕಾಲು ಹಿಡಿದುಕೊಂಡಿತು, ಶಾಲೆ, ಮಳೆ, ಪಟ್ಟಿಯ ಕೆಲಸ. ನಿನ್ನ ಮನೆಗೆ ಬರಲಾಗಲಿಲ್ಲ. ನೀನು ಇದ್ದತ್ತಿಗೆ ಕೂತಿದ್ದೆ. ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಹೀಗೆ ನಡುವೆ ಬರೀ ಒಂದು ಗೋಡೆಯಿದ್ದರೂ ನಾವಿಬ್ಬರೂ ಮುಖ ನೋಡದೆ ಒಂದು ಮಳೆಗಾಲ ಕಳೆಯಿತು.

ನವೆಂಬರಿನಲ್ಲಿ ನೀನು ಹೊರಗೆ ಬಂದೆ. ಬಂದವಳು ನೇರವಾಗಿ ರವಿವಾರದ ವರ್ಗಕ್ಕೆ ಬಂದು ನಿನ್ನ ಜಾಗದಲ್ಲಿ ಕೂತು ವಹಿ ತೆರೆದೆ. ಕೈ ಬರಿದಾಗಿತ್ತು, ಗಲ್ಲ ಒಳಗೆ ಹೋಗಿತ್ತು. ನಾನು ಹಲಗೆಯ ಕಡೆ ತಿರುಗಿ ನಿಂತಿದ್ದಾಗ, “ಅಕ್ಕೋರ, ಪಾಠ ಎಲ್ಲಿಗೆ ಬಂತು?” ಎಂದೆ ನೀನು. ಯಾಕೆ ಬರಲಿಲ್ಲ ಎಂದು ಒಂದು ಮಾತೂ ಕೇಳಲಿಲ್ಲ. ಒಂದೇ ಒಂದು ಸಲ, ಚಹಾ ಸೋಸುತ್ತ, “ಗ್ವಾಡಿ ದಪ್ಪ ಆಗೇತೇನವಾ? ಬಡಿದ್ರ ಕೇಳಸೂದಿಲ್ಲ,” ಎಂದಿದ್ದೆ. ಮೇಲಿನ ಮಾಳಿಗೆಯಲ್ಲಿ ನೆಲದ ಫರಸಿ ಒಡೆಯುತ್ತಿದ್ದರು, ಆ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದೆ ನಾನು. ನೀನು ಹೂಂ ಎಂದೆ.

ಪಾಠ ಬಂದಿದ್ದದ್ದು ಆ ಮೂರು ಪದಗಳಿಗೆ. ಮುಂದೆ ಮಾರ್ಚ್ ಕೊನೆಗೆ, ಅವನ್ನು ಮತ್ತೆ ತಿರುವಿಹಾಕುವಾಗ, ಪ್ರತಿ ಪದಕ್ಕೂ ಒಂದೊಂದು ವಾಕ್ಯ ಬರೆದು ತರಲು ಹೇಳಿದೆ. ನಿನ್ನ ವಹಿ ನನ್ನ ಹತ್ತಿರವೇ ಉಳಿದಿದೆ, ನೋಡಿಯೇ ಬರೆಯುತ್ತಿದ್ದೇನೆ. ‘ಮೃತ: ನನ್ನ ಗಂಡ ಇಮಾಮಸಾಬ ಮೃತ ಆದರು.’ ಋಕಾರ ಸರಿಯಾಗಿದೆ, ಹತ್ತಕ್ಕೆ ಹತ್ತು. ‘ಸ್ಥಳಾಂತರ: ಬಂಡೆಪ್ಪ ಗುಂಡಿಯೊಳಗ ಸ್ಥಳಾಂತರ ಆದ.’ ಇದಕ್ಕೂ ಹತ್ತಕ್ಕೆ ಹತ್ತು, ನಿಜ ಹೇಳಿದ್ದಕ್ಕೆ. ‘ಗೈರು’ ಎಂದು ಬರೆದು ಎರಡು ಚುಕ್ಕೆ ಇಟ್ಟು ಮುಂದೆ ಖಾಲಿ ಬಿಟ್ಟಿದ್ದೀ. ಯಾಕೆ ಎಂದು ನಾನು ಕೇಳಿದ್ದಕ್ಕೆ, “ಈ ಶಬ್ದಕ್ಕ ನನ್ನ ಕಡೆ ವಾಕ್ಯ ಇಲ್ಲ, ಅಕ್ಕೋರ,” ಎಂದೆ. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಬಾಯಿ ನಾನು, ಅಂದು ಮಾಡಲಿಲ್ಲ.

ಎಪ್ರಿಲ್‌ನಲ್ಲಿ ಎಲ್ಲರಿಗೂ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ ಎಂದು ಬೊಬ್ಬೆ ಹೊಡೆದೆ. ಭುವನೇಶ್ವರಿಯದು ಸಿಕ್ಕಿತು, ಬಂಡೆಪ್ಪನದು ಅವನ 27ನೇ ವಯಸ್ಸಿನಲ್ಲೇ ನಿಂತು ಸಿಕ್ಕಿತು. ನೀನು ಕೇಳಿದೆ: “ನಂದು ಐತೇನವಾ?” ನಾನು ಹೇಳಿದೆ: “ನಾನ ನಿನ್ನ ಪಟ್ಟಿ. ನಿನಗೇನ ಚಿಂತಿ?”

ಇನ್ನು ಮೇ ಇಪ್ಪತ್ತು. ಅದನ್ನು ಬರೆಯದೆ ದಾಟಿಹೋಗೋಣವೆಂದಿದ್ದೆ. ಆದರೆ ಕಲಿಸುವ ಬಾಯಿ ಒಂದು ಪಾಠ ಹಾರಿಸಿದರೆ ಮಕ್ಕಳಿಗೆ ತಿಳಿಯುತ್ತದೆ.

ಮತಗಟ್ಟೆಯ ಹೊರಗೆ ಹರಕು ಶಾಮಿಯಾನದ ಕೆಳಗೆ ನನ್ನ ಮೇಜು. ಮುಂದೆ ಪಟ್ಟಿ, ಪಕ್ಕದಲ್ಲಿ ಬಿಸಿಯಾದ ನೀರಿನ ಬಾಟಲಿ. ಏಳು ಗಂಟೆಗೇ ನೀನು ಬಂದೆ. ಇಸ್ತ್ರಿ ಮಾಡಿದ ಸೀರೆ. ಇಮಾಮಸಾಬ ಯಾವುದೋ ವಕೀಲರ ಕೋಟಿನ ಅಸ್ತರು ಉಳಿಸಿ ಹೊಲಿದುಕೊಟ್ಟಿದ್ದ ಕರಿ ರವಿಕೆ. ಚೀಟಿ ತಗೊಂಡು ಹೋಗು ಎಂದೆ. “ಬ್ಯಾಡ. ನಂಬರ ಬಾಯಿಪಾಠ ಐತಿ,” ಎಂದು ನಕ್ಕು, ನನ್ನ ಮೇಜನ್ನು ದಾಟಿ ಸಾಲಿಗೆ ಹೋದೆ. ಆ ಸಾಲು ಎಷ್ಟು ನಿಧಾನವಿತ್ತು! ಎರಡೂವರೆ ತಾಸು ಬಿಸಿಲಲ್ಲಿ ನಿಂತೆ. ನಿಂತಲ್ಲೇ ಭುವನೇಶ್ವರಿಗೆ ಪದಗಳನ್ನು ಹೇಳಿಕೊಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮತಗಟ್ಟೆ, ಶಾಯಿ, ಗುಂಡಿ, ಚಿಹ್ನೆ, ಒಂದೊಂದಕ್ಕೂ ಒಂದೊಂದು ಬೆರಳು ಮಡಚುತ್ತಿದ್ದೆ.

ಒಳಗೆ ಹೋದವಳು ಬಹಳ ಬೇಗ ಹೊರಗೆ ಬಂದೆ. ನಿನ್ನ ಹಿಂದೆ ಒಳಗಿನ ಅಧಿಕಾರಿಯ ದನಿಯೂ ಬಂತು. “ಮಾವಶಿ, ತುಮಚ ನಾವ್ ಯಾದೀತ ನಾಹೀ. ಬಾಹೇರ್ ವಿಚಾರಾ.” ಯಾದಿಯಲ್ಲಿ ಹೆಸರಿಲ್ಲ, ಹೊರಗೆ ಕೇಳು. ಹೊರಗೆ ಎಂದರೆ ನಾನು.

ನಾನು ಪಟ್ಟಿ ತೆರೆದೆ. ಇಮಾಮಸಾಬ, ವಯಸ್ಸು ಎಪ್ಪತ್ತೊಂದು, ಖೋಲಿ ಹದಿನಾಲ್ಕು. ಅವನ ಮೇಲೆ ಒಂದು ಗೀರೂ ಇರಲಿಲ್ಲ. ಕೆಳಗೆ ನಿನ್ನ ಹೆಸರು. ಅದರ ಮೇಲೆ ಅಡ್ಡ ಗೆರೆ. ತೆಗೆದುಹಾಕಿದವರ ಯಾದಿಯಲ್ಲಿ ನಿನ್ನ ಮುಂದೆ ಮರಾಠಿಯಲ್ಲಿ ಒಂದೇ ಪದ: ಗೈರಹಜರ. ನಮ್ಮ ಗೈರು.

ನೀನು ಬಗ್ಗಿ ಎರಡೂ ಸಾಲುಗಳನ್ನು ಬೆರಳಿಟ್ಟು ನೋಡಿದೆ. ನಾನು ಓದಿ ಹೇಳಿದೆ. “ಸತ್ತಾಂವ ಅದಾನ. ನಾ ಇಲ್ಲ!” ಎಂದು ನೀನು ಗಟ್ಟಿಯಾಗಿ ನಕ್ಕೆ. ಸಾಲಿನಲ್ಲಿದ್ದವರೂ ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, “ಅಂವ ಇದ್ದಾಗೂ ಹಂಗ ಇತ್ತು ಬಿಡು,” ಎಂದೆ.

ಆಫೀಸಿನವರ ತಪ್ಪು, ಕಂಪ್ಯೂಟರಿನ ತಪ್ಪು, ಆ ಸಾಲು ತಿದ್ದಿರೆಂದು ಗುಮಾಸ್ತನಿಗೆ ನಾನು ಡಿಸೆಂಬರಿನಲ್ಲೇ ಹೇಳಿದ್ದೆ, ಅವ ಮರೆತಿರಬೇಕು ಎಂದೆಲ್ಲ ನಾನು ಬಡಬಡಿಸಿದೆ. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದವಳು. ಇಡೀ ಮುಂಬಯಿಯಲ್ಲಿ ಮನೆಯಲ್ಲೇ ಇದ್ದಾಳೆಂದು ಆಣೆ ಮಾಡಿ ಹೇಳಬಹುದಾಗಿದ್ದ ಒಬ್ಬಳೇ ಹೆಂಗಸು. ಅವಳನ್ನು ಹಿಡಿದು ಗೈರು ಅಂದರಲ್ಲ ಈ ಕತ್ತೆಗಳು ಎಂದು ಬೈದೆ. ನೀನು ನನ್ನ ಬಾಟಲಿಯ ಮುಚ್ಚಳ ತೆಗೆದು ನನಗೇ ಕೊಟ್ಟೆ. “ನೀರ ಕುಡಿ. ಬಿಸಲ ಭಾಳ ಐತಿ,” ಎಂದೆ. ಎರಡೂವರೆ ತಾಸು ನಿಂತವಳು ನೀನು; ನೀರು ಕುಡಿದವಳು ನಾನು.

ಎಲ್ಲರೂ ಬೆರಳು ಮೇಲೆತ್ತಿ ಶಾಯಿ ತೋರಿಸುತ್ತ ಹೋಗುತ್ತಿದ್ದರು. ನೀನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ, ಚಾಳಿನವರು ಕೇಳಬಾರದೆಂದು. ಆ ಸಂಜೆ ನಾಲ್ಕಕ್ಕೆ ಗೋಡೆ ಬಡಿಯಲಿಲ್ಲ. ಮರುದಿನವೂ ಇಲ್ಲ. ನಾಲ್ಕನೇ ದಿನ ಗಂಟು ಕಟ್ಟಿ ಬಾಗಿಲಿಗೆ ಬಂದು ಪುದೀನಾಕ್ಕೆ ನೀರು ಹಾಕಲು ಹೇಳಿ, “ಬರ್ತೀನ್ರಿ ಅಕ್ಕೋರ,” ಎಂದೆ. ವರ್ಗದ ಹೊರಗೆ ನೀನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ವರ್ಗದಲ್ಲಿ ಅಕ್ಕೋರ, ಮನೆಯಲ್ಲಿ ಕಸ್ತೂರಿ, ಇದು ಮೂವತ್ತೊಂದು ವರ್ಷದ ನಮ್ಮ ಸಂವಿಧಾನ. ತಿದ್ದುಪಡಿ ಯಾವಾಗ ಆಯಿತು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಇಷ್ಟು ಓದಿ ನಿನಗೆ ದಣಿವಾಗಿರುತ್ತದೆ. ಸಮೀನಾಳಿಗೆ ಚಹಾ ಇಡಲು ಹೇಳು. ಅವಳಿಗೆ, ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಮುಜಾಹಿದನಿಗೆ ಈ ಮುದಿ ಬಾಯಿಯ ಆಶೀರ್ವಾದ: ನೂರು ವರ್ಷ ಬಾಳಲಿ, ಅಷ್ಟೂ ವರ್ಷ ಅವನ ಹೆಸರು ಇರಬೇಕಾದಲ್ಲೆಲ್ಲ ಇರಲಿ. ನಿನ್ನ ಆರೋಗ್ಯ ಜೋಪಾನ. ಬಿಪಿ ಗುಳಿಗೆ ಬಿಡಬೇಡ.

ನಿನ್ನ
ಕಸ್ತೂರಿ

ತಾ.ಕ.: ಇಲ್ಲಿಂದ ಮುಂದಿನದನ್ನು ಸಮೀನಾಳ ಕೈಗೆ ಕೊಡಬೇಡ. ಒತ್ತಕ್ಷರ ತೊಡಕಾದರೂ ನೀನೇ ಓದು. ಕೊನೆಗೆ ಇದೆ ಎಂದಿದ್ದೆನಲ್ಲ, ಅದು ಇದು.

ಆಫೀಸಿನವರ ತಪ್ಪಲ್ಲ. ಕಂಪ್ಯೂಟರಿನದೂ ಅಲ್ಲ. ಗುಮಾಸ್ತನಿಗೆ ನಾನು ಏನೂ ಹೇಳಿರಲಿಲ್ಲ. ನಿನ್ನ ಹೆಸರಿನ ಮುಂದೆ ಆ ಪದ ಬರೆದವಳು ನಾನು.

ಮೊಣಕಾಲಿನ ಮಾತು ಸುಳ್ಳು. ಅದೇ ಮೊಣಕಾಲಿನಲ್ಲಿ ಆಚೆ ಓಣಿಯ ಮಾಳಿಗೆಗಳನ್ನೆಲ್ಲ ಹತ್ತಿ ಸಹಿ ತಂದಿದ್ದೇನೆ. ಇಮಾಮಸಾಬ ಹೋದ ದಿನ ನಾನು ಬಂದಾಗ ನಿನ್ನ ಬಾಗಿಲ ತುಂಬ ಚಪ್ಪಲಿಗಳಿದ್ದವು. ಜನ ಕರಗಲಿ, ನಾಳೆ ಹೋಗೋಣ ಎಂದುಕೊಂಡೆ. ಮರುದಿನ, ನಿನ್ನೆ ಯಾಕೆ ಬರಲಿಲ್ಲ ಎಂದರೆ ಏನು ಹೇಳುವುದೆಂದು ಯೋಚಿಸುತ್ತ ಕೂತೆ. ಒಂದು ವಾರವಾಯಿತು. ಆಮೇಲೆ ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಕಷ್ಟವಾಯಿತು. ನನ್ನ ಗಂಡ ಶಾಂತಪ್ಪ ತೀರಿದಾಗ ನೀನು ಹದಿಮೂರು ದಿನ ನಿನ್ನ ಸಂಸಾರ ಬಿಟ್ಟು ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದೆ. ನಾನು ಎಂಟು ಹೆಜ್ಜೆ ನಡೆಯಲಿಲ್ಲ.

ಆಗಸ್ಟಿನಲ್ಲಿ ತಾಳೆ ನೋಡುವ ಕೆಲಸ ಬಂತು. ಇಮಾಮಸಾಬನನ್ನು ಮೃತ ಎಂದು ಬರೆಯಲು ನಿನ್ನಿಂದ ಕಾಗದ ಬೇಕಿತ್ತು. ನೀನು ಇದ್ದೀ ಎಂದು ಬರೆಯಲು ನಿನ್ನ ಸಹಿ ಬೇಕಿತ್ತು. ಮಣ್ಣಿಗೆ ಬಾರದವಳು ಸಹಿಗೆ ಬಂದಳು ಎಂದು ನೀನು ಅಂದುಕೊಳ್ಳುತ್ತೀ ಎಂದು ಹೆದರಿದೆ. ನೀನು ಹಾಗೆ ಅನ್ನುವವಳಲ್ಲ. ಅದು ಗೊತ್ತಿದ್ದೇ ಹೆದರಿದೆ. ನಿನ್ನ ಸಹಿಯನ್ನು ನಾನೇ ಹಾಕಿಬಿಡಬಹುದಿತ್ತು. ಆ ‘ದಾ’ದ ಬಾಲವನ್ನು ಬರೆಯಲು ನಿನಗೆ ಕಲಿಸಿದವಳೇ ನಾನು. ಅದನ್ನು ಕದಿಯಲು ಕೈ ಬರಲಿಲ್ಲ. ಹಾಗಾಗಿ ಅದಕ್ಕಿಂತ ಸುಲಭದ್ದನ್ನು ಮಾಡಿದೆ. ಮೂರು ತಾರೀಖು, ಮೂರು ಪೆನ್ನು. ನಿನ್ನ ಬಾಗಿಲಿಗೆ ಅಂಟಿಸಬೇಕಾಗಿದ್ದ ನೋಟೀಸು ಇಷ್ಟು ದಿನ ನನ್ನ ಟ್ರಂಕಿನಲ್ಲಿತ್ತು. ನಮೂನೆ ಆರರ ಕೆಳಗೆ ಮಡಚಿಟ್ಟಿದ್ದೇನೆ, ನೋಡು. ಎಪ್ರಿಲ್‌ವರೆಗೆ ತಿದ್ದಲು ಅವಕಾಶವಿತ್ತು. ತಿದ್ದಬೇಕಾದರೆ ಬರೆದವರು ಯಾರೆಂದು ಹೇಳಬೇಕಾಗಿತ್ತು. ನೀನು ‘ನಂದು ಐತೇನವಾ’ ಎಂದು ಕೇಳಿದಾಗಲೂ, ಮೇ ಇಪ್ಪತ್ತರಂದು ನಾನು ಚೀಟಿಯ ಮಾತಾಡಿದಾಗಲೂ ನನಗೆ ಗೊತ್ತಿತ್ತು.

ನೀನು ಖಾಲಿ ಬಿಟ್ಟ ಪದಕ್ಕೆ ನಿನ್ನ ವಹಿಯಲ್ಲಿ ವಾಕ್ಯ ನಾನು ಬರೆದಿದ್ದೇನೆ. ಬಂದರೆ ತೋರಿಸುತ್ತೇನೆ. ಬಾರದಿದ್ದರೂ ನಮೂನೆಗೆ ಸಹಿ ಮಾಡಿ ಕಳಿಸು, ನನ್ನ ಹೆಸರಿಗಲ್ಲ, ನೇರವಾಗಿ ಆಫೀಸಿಗೆ. ವಿಳಾಸ ಹಿಂದೆ ಬರೆದಿದ್ದೇನೆ.

ಇನ್ನೊಂದು ಇದೆ. ಮೇಲಿನ ಮಾಳಿಗೆಯಲ್ಲಿ ಅವರು ಫರಸಿ ಒಡೆದದ್ದು ದೀಪಾವಳಿಯ ಮೇಲೆ. ನಿನ್ನ ಇದ್ದತ್ತಿನಲ್ಲಿ ಯಾವ ಗದ್ದಲವೂ ಇರಲಿಲ್ಲ. ಆ ನಾಲ್ಕು ತಿಂಗಳು ನೀನು ಒಂದು ದಿನವೂ ನಾಲ್ಕರ ಬಡಿತ ತಪ್ಪಿಸಲಿಲ್ಲ. ಆಗಸ್ಟ್ ಹದಿನೆಂಟರಂದು ನಾನು ನಮ್ಮ ಗೋಡೆಗೆ ಒರಗಿಕೊಂಡು, ರಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಖೋಲಿ ಹದಿನಾಲ್ಕರ ಸಾಲಿಗೆ ಬಂದಿದ್ದೆ. ನಾಲ್ಕು ಗಂಟೆ. ‘ಗೈರ’ ಎಂದು ಬರೆದಿದ್ದೆ, ಒಂದು ಬಡಿತ. ‘ಹಜರ’ ಎಂದು ಮುಗಿಸಿದೆ, ಇನ್ನೊಂದು. ಎರಡೂ ನನ್ನ ಬೆನ್ನಿಗೆ ತಾಗಿದವು.